ಓದಿ ಹೇಳಿದ ಗುಪ್ತವಾರ್ತೆ

ಚಪ್ಪಲಿಯೊಳಗೆ ಖಾಕಿ ಸಾಕ್ಸು ಹಾಕಿಕೊಳ್ಳುತ್ತಿದ್ದವರನ್ನು ನನ್ನ ಜನ್ಮದಲ್ಲಿ ನಾನು ಒಬ್ಬರನ್ನೇ ನೋಡಿರುವುದು. ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೂದು ಪ್ಯಾಂಟು, ಜೇಬಿನಲ್ಲಿ ಪೆನ್ನು, ಥೇಟು ವಿಮೆ ಏಜೆಂಟರ ಹಾಗೆ. ಕೆಳಗೆ ನೋಡಿದರೆ ಎರಡು ಪಟ್ಟಿಯ ಚರ್ಮದ ಚಪ್ಪಲಿ, ಅದರೊಳಗಿಂದ ಇಣುಕುವ ಖಾಕಿ ಸಾಕ್ಸು, ಎಡಗಾಲಿನ ಹೆಬ್ಬೆರಳ ಹತ್ತಿರ ಕಪ್ಪು ದಾರದಲ್ಲಿ ಹೊಲಿದದ್ದು. ಅವರು ಗುಪ್ತವಾರ್ತೆಯ ಹೆಡ್ ಕಾನ್‌ಸ್ಟೇಬಲ್. ಯಾರಿಗೂ ಗುರುತು ಸಿಗಬಾರದು ಅಂತಲೇ ಸರ್ಕಾರ ಅವರಿಗೆ ಸಾದಾ ಬಟ್ಟೆ ಹಾಕಿಸಿತ್ತು. ಯಲ್ಲದಕೆರೆಯಲ್ಲಿ ಬಸ್ಸಿಳಿದು ಅವರು ನಮ್ಮ ಹಟ್ಟಿಯ ದಾರಿ ಹಿಡಿದರೆ ಸಾಕು, ನಲ್ಲಿ ಹತ್ತಿರ ನಿಂತ ಹೆಂಗಸರು "ಗುಪ್ತವಾರ್ತೆಯೋರು ಬಂದ್ರು, ಮಂಚ ಹಾಕ್ರಿ" ಎಂದು ಒಳಕ್ಕೆ ಸುದ್ದಿ ಮುಟ್ಟಿಸುತ್ತಿದ್ದರು.

ಹಟ್ಟಿಯ ಮಕ್ಕಳಿಗೆಲ್ಲ ಅವರು ಗುಪ್ತವಾರ್ತೆ ಮಾವ. ಹೆಸರು ಗೊತ್ತಿತ್ತು, ಹಿಡಿದು ಕರೆದವರಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಪಾಪ, ಬದುಕಿದ್ದಾಗಂತೂ ಅವರ ಗುಟ್ಟನ್ನು ನಾವು ಒಂದು ದಿನವೂ ಉಳಿಸಿಕೊಡಲಿಲ್ಲ.

ಅವರು ಬರುತ್ತಿದ್ದುದು ನಮ್ಮಪ್ಪನನ್ನು ಕಾಯಲಿಕ್ಕೆ. ಅಪ್ಪ ಕುರಿಗಾರ. ನಮ್ಮ ಕುರಿಗಳು ತಲೆಮಾರುಗಳಿಂದ ಮೇಯುತ್ತಿದ್ದ ಹುಲ್ಲುಗಾವಲಿಗೆ, ನಾವು ಕಾವಲು ಅನ್ನುವ ಆ ಬಯಲಿಗೆ, ಒಂದು ದಿನ ಮುಳ್ಳುತಂತಿ ಬಂತು. ಗೇಟು ಬಂತು, ಗೇಟಿನ ಮೇಲೆ "ಪ್ರವೇಶ ನಿಷೇಧಿಸಲಾಗಿದೆ" ಎಂಬ ಬೋರ್ಡು ಬಂತು. ಯಾರು ನಿಷೇಧಿಸಿದರು ಅಂತ ಬೋರ್ಡಿನಲ್ಲಿ ಇರಲಿಲ್ಲ. ಅಪ್ಪ ಹಿರಿಯೂರಿಗೆ ಹೋಗಿ ಕೇಳಿದರೆ ದುರ್ಗದ ಜಿಲ್ಲಾ ಕಚೇರಿಗೆ ಹೋಗು ಅಂದರು, ದುರ್ಗದಲ್ಲಿ ಕೇಳಿದರೆ ಮೇಲಿನಿಂದ ಬಂದಿದೆ ಅಂದರು, ಕೊನೆಗೆ ಒಬ್ಬ ಗುಮಾಸ್ತ "ಅದು ಗೌಪ್ಯ" ಅಂದನಂತೆ. ಅಪ್ಪ ಮನೆಗೆ ಬಂದು, ಗೌಪ್ಯ ಅಂದ್ರೆ ಏನವ್ವಾ ಅಂತ ನನ್ನ ಕೇಳಿದ. ಹೇಳಬಾರದ್ದು ಅಂತ ಅರ್ಥ ಅಂದೆ. ಯಾರಿಗೆ ಅಂದ. ನಮಗೆ ಅಂದೆ. ಆ ಮುಂದಿನ ಸೋಮವಾರದಿಂದ ಹತ್ತಾರು ಕುರಿಗಾರರನ್ನು ಕೂಡಿಸಿಕೊಂಡು, ಕುರಿಗಳ ಸಮೇತ, ವಾರಕ್ಕೊಂದು ದಿನ ಆ ಗೇಟಿನ ಮುಂದೆ ಕೂತುಕೊಳ್ಳಲು ಶುರು ಮಾಡಿದ. ಅವನ ಚಳವಳಿ ಅಂದರೆ ಅಷ್ಟೇ.

ಅದಕ್ಕೇ ಗುಪ್ತವಾರ್ತೆ ಮಾವ. ಅವರಿಗೊಂದು ವಿಚಿತ್ರ ಚಾಳಿ ಇತ್ತು. ಹೊಂಗೆಮರದ ಕೆಳಗೆ ಮಂಚದ ಮೇಲೆ ಕೂತು, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಅಪ್ಪ ಹೇಳಿದ್ದನ್ನೆಲ್ಲ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹೊರಡುವ ಮುಂಚೆ ಕನ್ನಡಕ ಮೇಲೇರಿಸಿ, "ಓದಿ ಹೇಳ್ತೀನಿ ಕೇಳ್ರಿ ಯಜಮಾನ್ರೇ" ಅನ್ನುತ್ತಿದ್ದರು. ಓದುತ್ತಿದ್ದರು. ಅಪ್ಪ ತಲೆದೂಗುತ್ತಿದ್ದ, ನಡುವೆ "ಅಲ್ಲಲ್ಲ, ಇಪ್ಪತ್ತು ಜನ ಅಲ್ಲ, ಹದಿನೆಂಟು, ಇಬ್ರು ಮದುವೆಗೆ ಹೋಗಿದ್ರು" ಅಂತ ತಿದ್ದುತ್ತಿದ್ದ. ಮಾವ ಹೊಡೆದುಹಾಕಿ ಹದಿನೆಂಟು ಮಾಡುತ್ತಿದ್ದರು. ಕಣ್ಗಾವಲಿಗೆ ಬಂದವರು ಕಣ್ಗಾವಲಿಗೆ ಸಿಕ್ಕವನ ಹತ್ತಿರವೇ ವರದಿ ತಿದ್ದಿಸಿಕೊಳ್ಳುವುದು! ಇಲಾಖೆಗೆ ಗೊತ್ತಾಗಿದ್ದರೆ ಆವತ್ತೇ ಮನೆಗೆ ಕಳಿಸುತ್ತಿದ್ದರು.

ನಾನು ಪಿಯುಸಿ ಓದುವಾಗ ಒಂದು ಸಲ, ಹೀಗೇಕೆ ಮಾಡ್ತೀರಿ ಅಂತ ಕೇಳಿಯೇಬಿಟ್ಟೆ. ಅವರು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ "ಓ.ಹೇ.ಕೇ. ಸರಿ ಇದೆ" ಎಂದು ಬರೆದು ತೋರಿಸಿದರು. ಠಾಣೆಯಲ್ಲಿ ಯಾರದೇ ಹೇಳಿಕೆ ಬರೆದರೂ ಕೊನೆಗೆ ಇದೊಂದು ಸಾಲು ಇರಬೇಕಂತೆ. ಓದಿ ಹೇಳಿ ಕೇಳಲಾಗಿ ಸರಿ ಇದೆ ಎಂದು ಅದರ ಅರ್ಥ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಠಾಣೆಯಲ್ಲಿ ಬರೆಯುವ ಕೆಲಸಕ್ಕಿದ್ದರು. ಓದು ಬಾರದ ಕೂಲಿಯವನೊಬ್ಬನ ಹೇಳಿಕೆಯನ್ನು ಸಾಹೇಬರು ಹೇಳಿದ ಹಾಗೆ ಬರೆದು, ಓದಿ ಹೇಳದೆಯೇ ಈ ಸಾಲು ಗೀಚಿ, ಅವನ ಹೆಬ್ಬೆಟ್ಟು ಒತ್ತಿಸಿದರು. ಅವನು ಮಾಡದ ತಪ್ಪಿಗೆ ಒಳಗೆ ಹೋದ. ನ್ಯಾಯಾಲಯದಲ್ಲಿ ಆ ಹೇಳಿಕೆಯನ್ನು ಗಟ್ಟಿಯಾಗಿ ಓದಿದಾಗ ಆ ಮನುಷ್ಯ ಇವರ ಕಡೆ ತಿರುಗಿ, ಇದನ್ನ ಆವತ್ತೇ ಓದಿ ಹೇಳಿದ್ರೆ ಆಗ್ತಿರಲಿಲ್ವಾ ಸ್ವಾಮಿ ಅಂದನಂತೆ.

"ಆ ಮಾತು ನನ್ನ ಕಿವ್ಯಾಗೇ ಕುಂತೈತವ್ವ" ಅಂದರು ಮಾವ. "ಅದಕ್ಕೇ ಓದ್ತೀನಿ."

ಆಮೇಲೆ ಅವರಿಗೆ ದುರ್ಗದ ಕಚೇರಿಗೆ ವರ್ಗವಾಯಿತು. ಮೇಜಿನ ಕೆಲಸ. ನಾನು ಬಿ.ಎಡ್. ಮುಗಿಸಿ, ಹೈಸ್ಕೂಲು ಟೀಚರ್ ಹುದ್ದೆಗೆ ಪರೀಕ್ಷೆ ಬರೆದೆ, ಪಟ್ಟಿಯಲ್ಲಿ ಹೆಸರು ಬಂತು. ನಮ್ಮ ಹಟ್ಟಿಯಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲ ಹೆಣ್ಣುಮಗಳು ನಾನೇ ಆಗುತ್ತಿದ್ದೆ, ಅಮ್ಮ ಊರಿಗೆಲ್ಲ ಸಕ್ಕರೆ ಹಂಚಿದ್ದಳು. ನನ್ನ ಜೊತೆಯವರೆಲ್ಲ ಶಾಲೆಗೆ ಸೇರಿಕೊಂಡರು. ನನಗೊಂದು ಕಾಗದ ಬಂತು. ಪೊಲೀಸ್ ಪರಿಶೀಲನೆಯ ಗೌಪ್ಯ ವರದಿಯ ಹಿನ್ನೆಲೆಯಲ್ಲಿ ನೇಮಕಾತಿ ಆದೇಶವನ್ನು ತಡೆಹಿಡಿಯಲಾಗಿದೆ. ಏನು ವರದಿ, ಯಾರು ಬರೆದದ್ದು, ನಾನೇನು ಮಾಡಿದ್ದೆ? ಕೇಳಿದ ಕಚೇರಿಯಲ್ಲೆಲ್ಲ ಗೌಪ್ಯ ಕಣಮ್ಮ, ಗೌಪ್ಯ ಕಣಮ್ಮ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, ಭದ್ರತೆಯ ವಿಷಯವಾದ್ದರಿಂದ ಕೊಡಲು ಬರುವುದಿಲ್ಲ ಅಂತ ಅರ್ಧ ಪುಟದ ಉತ್ತರ ಬಂತು. ಅಪ್ಪ ಗೇಟಿನ ಮುಂದೆ ಕೂತದ್ದಕ್ಕೇ ಹೀಗಾಯಿತು ಅಂತ ಒಂದು ದಿನ ಅವನ ಮೇಲೇ ಹರಿಹಾಯ್ದೆ. ಆ ಸೋಮವಾರ ಅವನು ಗೇಟಿಗೆ ಹೋಗಲಿಲ್ಲ.

ಗುಪ್ತವಾರ್ತೆ ಮಾವ ಭಾನುವಾರ ಬೆಳಿಗ್ಗೆ ದುರ್ಗದ ಚಂದ್ರವಳ್ಳಿಯಲ್ಲಿ ವಾಕಿಂಗ್ ಮಾಡುತ್ತಾರೆ ಅಂತ ಗೊತ್ತಿತ್ತು. ಹೋಗಿ ಹಿಡಿದೆ. ಕೆರೆ ದಂಡೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಅವರ ಮುಖ ನೋಡಿದರೇ ವಿಷಯ ಗೊತ್ತಿದೆ ಅನ್ನಿಸುತ್ತಿತ್ತು. "ನಾನು ಹೇಳಂಗಿಲ್ಲವ್ವ" ಅಂದರು. ನನಗೆ ನೆತ್ತಿಗೇರಿತು. ನಮ್ಮ ಮನೆ ಮಜ್ಜಿಗೆ ಅಷ್ಟು ವರ್ಷ ಕುಡಿದು ಹೀಗನ್ನಲು ನಾಲಿಗೆ ಹೇಗೆ ಬಂತು ಅಂತ ಕೇಳಿಬಿಟ್ಟೆ. ಅವರು ತಲೆ ತಗ್ಗಿಸಿ ತಮ್ಮ ಸಾಕ್ಸು ನೋಡುತ್ತ ನಿಂತರು, ಆಮೇಲೆ ನಡೆದುಕೊಂಡು ಹೋದರು. ಇವರೂ ಅವರ ಪೈಕಿಯೇ ಅಂತ ತೀರ್ಮಾನಿಸಿ ನಾನು ಬಸ್ಸು ಹತ್ತಿದೆ.

ಎರಡು ವಾರ ಕಳೆದಿರಬೇಕು. ಮಟಮಟ ಮಧ್ಯಾಹ್ನ, ನಲ್ಲಿ ಹತ್ತಿರ ಕೂಗು ಎದ್ದಿತು, ಮಂಚ ಹಾಕ್ರಿ. ಅದೇ ಬಿಳಿ ಅಂಗಿ, ಅದೇ ಸಾಕ್ಸು, ಕಂಕುಳಲ್ಲಿ ಒಂದು ರೆಕ್ಸಿನ್ ಚೀಲ. ಕೂತವರೇ ವಿಷಯ ಬಿಚ್ಚಿದರು. ಮೊದಲಿನ ವರದಿಯ ಮೇಲೆ ನನ್ನ ಆದೇಶ ನಿಂತಿತ್ತು. ನಾನು ಬಿಡದೆ ಅರ್ಜಿ ಮೇಲೆ ಅರ್ಜಿ ಹಾಕಿದ್ದರಿಂದ ಮೇಲಿನವರಿಗೆ ಅದಕ್ಕೊಂದು ಊರುಗೋಲು ಬೇಕಾಗಿತ್ತು. ಸ್ಥಳೀಯವಾಗಿ ವಿಚಾರಿಸಲಾಗಿ ವರದಿ ನಿಜವೆಂದು ಕಂಡುಬಂದಿದೆ ಅಂತ ಒಂದು ಕಾಗದ ತಯಾರು ಮಾಡಿ, ಈ ಭಾಗ ಗೊತ್ತಿದ್ದವರು ಇವರೇ ಅಂತ ಮೂಲ ವರದಿಯ ಜೊತೆ ಇವರ ಮೇಜಿಗೆ ಕಳಿಸಿದ್ದರು. ಕೂತಲ್ಲೇ ಸಹಿ ಹಾಕಿದ್ದರೆ ಮುಗಿದಿತ್ತು. ನಿವೃತ್ತಿಗೆ ಮೂರು ತಿಂಗಳಿತ್ತು.

"ವಿಚಾರಿಸದೆ ವಿಚಾರಿಸಿದೀನಿ ಅಂತ ಹೆಂಗೆ ಬರೀಲಿ? ಓದಿ ಹೇಳ್ತೀನಿ ಕೇಳ್ರಿ ಯಜಮಾನ್ರೇ" ಅಂದರು. ಗೌಪ್ಯ ಎಂದು ಕೆಂಪು ಮೊಹರು ಬಿದ್ದ ಆ ಮೂಲ ವರದಿಯನ್ನು ಕೈಯಲ್ಲಿ ಹಿಡಿದು, ಒಂಚೂರೂ ಅಳುಕದೆ, ಹಟ್ಟಿಯ ನಡುವೆ ಗಟ್ಟಿಯಾಗಿ ಓದಿದರು.

ಸದರಿ ಆಸಾಮಿಯು ದೂರವಾಣಿಯಲ್ಲಿ ಬಿ.ದುರ್ಗದ ವ್ಯಕ್ತಿಯೊಂದಿಗೆ ಸಂಕೇತ ಭಾಷೆಯಲ್ಲಿ ಮಾತನಾಡಿರುತ್ತಾನೆ. ‘ಬೋಳ’ ಎಂಬ ಅಡ್ಡಹೆಸರಿನ ನಾಯಕನ ಮುಂದಾಳತ್ವದಲ್ಲಿ ಹನ್ನೆರಡು ಮಂದಿ ‘ಕೆಂದ’ರು ಬಿ.ದುರ್ಗಕ್ಕೆ ತೆರಳಿರುತ್ತಾರೆ. ಕೆಂದ ಎಂಬುದು ಕೆಂಪು ಉಗ್ರರ ಸಂಕೇತವಾಗಿರುವ ಸಂಭವವಿರುತ್ತದೆ. ಅಲ್ಲಿ ಎಲ್ಲರನ್ನೂ ಕತ್ತರಿಸುವುದೆಂದೂ, ಅದಕ್ಕಾಗಿ ಆಯುಧವನ್ನು ಸಾಣೆ ಹಿಡಿಸಿ ಇಡತಕ್ಕದ್ದೆಂದೂ ಸೂಚಿಸಿರುತ್ತಾನೆ. ಇಂಥವನ ಮಗಳು ಸರ್ಕಾರಿ ಸೇವೆಗೆ ಯೋಗ್ಯಳಲ್ಲ.

ಮೊದಲು ನಕ್ಕವಳು ಅಮ್ಮ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಬಿ.ದುರ್ಗದಲ್ಲಿರುವುದು ನನ್ನ ಸೋದರಮಾವ. ಸುಗ್ಗಿ ಮುಗಿದ ಮೇಲೆ ಅವನ ಹೊಲದಲ್ಲಿ ನಮ್ಮ ಕುರಿಗಳನ್ನು ಗೊಬ್ಬರಕ್ಕೆ ನಿಲ್ಲಿಸಿ, ಅಲ್ಲೇ ಉಣ್ಣೆ ಕತ್ತರಿಸುವುದು ಪ್ರತಿ ವರ್ಷದ ಪದ್ಧತಿ. ಕೆಂದ ಅಂದರೆ ಕೆಂಗೂದಲ ಟಗರು. ಬೋಳ ಅಂದರೆ ಕೊಂಬಿಲ್ಲದ್ದು. ಕುರಿ ಬಣ್ಣಕ್ಕೊಂದು ಹೆಸರಿರುತ್ತದೆ ಅಂತ ಗೊತ್ತಿಲ್ಲದ ಯಾರೋ ಪುಣ್ಯಾತ್ಮ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು ಇದನ್ನೆಲ್ಲ ಬರೆದಿದ್ದ.

ಅಪ್ಪ ಮಾತ್ರ ನಗಲಿಲ್ಲ. ಕೇಳಿದ, "ಅಂದ್ರೆ ನನ್ನ ಫೋನ್ ಎಲ್ಲಾನೂ ಕೇಳ್ತಿದ್ರಾ ಸಾಹೇಬ್ರೇ? ನನ್ನ ತಮ್ಮ ತೀರ್ಕಂಡಾಗ ಫೋನಾಗೆ ಅತ್ತಿದ್ದೆ. ಅದನ್ನೂ ಕೇಳಿದ್ರಾ?"

"ಕೇಳಿರ್ತಾರೆ ಯಜಮಾನ್ರೇ" ಅಂದರು ಮಾವ. ಸುಳ್ಳು ಹೇಳಲಿಲ್ಲ.

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಎದ್ದು ಹೋಗಿ, ಕುರಿ ಕೂಡುವ ರೊಪ್ಪದಿಂದ ಬೋಳನ ಕಿವಿ ಹಿಡಿದು ಎಳೆದುಕೊಂಡು ಬಂದು ಮಂಚದ ಮುಂದೆ ನಿಲ್ಲಿಸಿದ. ವಿಚಾರಣೆ ಮಾಡ್ರಿ ಅಂದ. ಮಾವ ನಗಲಿಲ್ಲ, ಪೆನ್ನು ತೆಗೆದರು. ಅವರು ಬರೆದದ್ದರ ನಕಲು ಆಮೇಲೆ ನನ್ನ ಕೈಗೆ ಬಂತು, ಬಾಯಿಪಾಠವಾಗಿದೆ: "ಬೋಳ ಎಂಬ ನಾಯಕನನ್ನು ಖುದ್ದಾಗಿ ನೋಡಲಾಗಿ, ಸದರಿಯವನು ನಾಲ್ಕು ವರ್ಷದ ಟಗರು. ಕೊಂಬು ಇರುವುದಿಲ್ಲ. ಕೆಂದರು ಹನ್ನೆರಡು ಮಂದಿಯೂ ರೊಪ್ಪದಲ್ಲಿ ಹಾಜರಿದ್ದು, ಮೈಮೇಲೆ ಉಣ್ಣೆ ಇರುವುದಿಲ್ಲ. ಮೂಲ ವರದಿಯು ತಪ್ಪು ತಿಳಿವಳಿಕೆಯಿಂದ ಕೂಡಿರುತ್ತದೆ." ಕೆಳಗೆ, ಯಾವತ್ತೂ ಗುಪ್ತವಾರ್ತೆಯ ಕಾಗದದಲ್ಲಿ ಇರಬಾರದ ಆ ಸಾಲು, ಓ.ಹೇ.ಕೇ. ಸರಿ ಇದೆ. ಅದರ ಕೆಳಗೆ ಅಪ್ಪನ ಹೆಬ್ಬೆಟ್ಟು.

ಗುಟ್ಟಿನ ವರದಿಯನ್ನು ಯಾರ ಮೇಲೆ ಬರೆದಿದೆಯೋ ಅವನಿಗೇ ಓದಿ ಹೇಳಿದೆ ಅನ್ನುವುದಕ್ಕೆ ಅವರೇ ಕೈಯಾರೆ ಕೊಟ್ಟ ಸಾಕ್ಷಿ ಅದು. ಆ ಒಂದು ಸಾಲು ಬರೆಯದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ವಾರದೊಳಗೆ ಅಮಾನತು ಮಾಡಿದರು. ಆವತ್ತು ಹಟ್ಟಿಯಿಂದ ಹೊರಡುವಾಗ ನನಗೊಂದೇ ಮಾತು ಹೇಳಿದ್ದರು, ಕೋರ್ಟಿಗೆ ಹೋಗು, ಬೇರೇನೂ ಕೇಳಬ್ಯಾಡ, ನನ್ನ ಮೇಲೆ ಬರೆದದ್ದನ್ನ ಓದಿ ಹೇಳ್ರಿ ಅಂತ ಮಾತ್ರ ಕೇಳು. ಹಾಗೇ ಕೇಳಿದೆ. ನ್ಯಾಯಾಧೀಶರು ಕಡತ ತರಿಸಿ, ಓದ್ರಿ ನೋಡೋಣ ಅಂದರು. ಸರ್ಕಾರದ ವಕೀಲರು ಮನಸ್ಸಿನಲ್ಲೇ ಓದಿಕೊಳ್ಳುತ್ತ ಹೋಗಿ, ಟಗರಿನ ಹತ್ತಿರ ಬಂದು, ಕೆಮ್ಮಿ, ಸಮಯ ಬೇಕು ಅಂದರು. ಮುಂದಿನ ತಾರೀಖಿಗೆ ಮುಂಚೆಯೇ ಅಂಚೆಯಲ್ಲಿ ನನ್ನ ನೇಮಕಾತಿ ಆದೇಶ ಬಂತು.

ಮಾವ ನಿವೃತ್ತಿಯ ದಿನವೂ ಅಮಾನತಿನಲ್ಲೇ ಇದ್ದರು. ಕಚೇರಿಯಲ್ಲಿ ಹಾರವಿಲ್ಲ, ಭಾಷಣವಿಲ್ಲ. ಎರಡು ವರ್ಷ ವಿಚಾರಣೆ ಎಳೆದಾಡಿ, ಎಚ್ಚರಿಕೆ ಕೊಟ್ಟು ಕೈಬಿಟ್ಟರು. ಹಾರ ಹಾಕದಿದ್ದರೆ ಹೋಗಲಿ ಅಂತ ನಾವು ಹಟ್ಟಿಯವರೇ ಅವರನ್ನು ಕರೆಸಿ, ಹೊಂಗೆಮರದ ಕೆಳಗೆ ಕೂರಿಸಿ, ಆ ವರ್ಷದ ಉಣ್ಣೆಯಲ್ಲಿ ನೇಯಿಸಿದ ಕಂಬಳಿ ಹೊದಿಸಿದೆವು. "ಹನ್ನೆರಡು ಕೆಂದರೂ ನಿಮ್ಮ ಹೆಗಲ ಮ್ಯಾಲೆ ಅವೆ, ಹುಷಾರು" ಅಂದ ಅಪ್ಪ. ಆವತ್ತು ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಕಾವಲಿನ ಬೋರ್ಡು ಇನ್ನೂ ಇದೆ. ಹೋದ ವರ್ಷ ಅದರ ಕೆಳಗೆ ಕೊನೆಗೂ ಇಲಾಖೆಯ ಹೆಸರು ಬರೆದರು, ಪೂರ್ವದ ಕಡೆ ಕುರಿಗಳಿಗೆ ದಾರಿ ಬಿಟ್ಟರು. ಅಪ್ಪ ಈಗಲೂ ಸೋಮವಾರ ಹೋಗಿ ಕೂರುತ್ತಾನೆ, ಉಳಿದ ದಾರಿಯೂ ಬೇಕಲ್ಲ.

ನಾನು ಹೊಸದುರ್ಗದ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳ ಬಗ್ಗೆ ಏನೇ ಬರೆದರೂ, ನಡತೆ ಪತ್ರವಾಗಲಿ, ಅಂಕಪಟ್ಟಿಯ ಷರಾ ಆಗಲಿ, ಆ ಮಗುವನ್ನು ಕರೆದು ಓದಿ ಹೇಳುತ್ತೇನೆ. ಒಬ್ಬಳ ಬಗ್ಗೆ "ಮಿತಭಾಷಿ" ಅಂತ ಬರೆದಿದ್ದೆ. "ಮಾತಾಡ್ತೀನಿ ಮಿಸ್, ನೀವು ಕೇಳಲ್ಲ" ಅಂದಳು. ಹೊಡೆದುಹಾಕಿದೆ. ಈಗ ಅವಳ ಬಾಯಿ ಮುಚ್ಚಿಸಲು ಆಗುತ್ತಿಲ್ಲ, ಅದು ಬೇರೆ ವಿಷಯ.

ಈ ಬೇಸಿಗೆಯಲ್ಲಿ ಗುಪ್ತವಾರ್ತೆ ಮಾವ ತೀರಿಕೊಂಡರು. ಹೊಳಲ್ಕೆರೆಯ ಅವರ ಮನೆಯಲ್ಲಿ, ಆ ಕಂಬಳಿಯನ್ನು ಕಾಲ ಮೇಲೆ ಹೊದ್ದುಕೊಂಡು ಮಲಗಿದ್ದವರು ಹಾಗೇ ಹೋದರಂತೆ. ಇದನ್ನು ಬರೆದು ಮುಗಿಸಿದ ಮೇಲೆ, ಅವರ ಬಗ್ಗೆ ಬರೆದು ಓದಿ ಹೇಳದೆ ಇರುವುದು ಹೇಗೆ ಅಂತ, ಹೊಳಲ್ಕೆರೆಗೆ ಹೋಗಿ ಅವರ ಹೆಂಡತಿಯ ಮುಂದೆ ಕೂತು ಮೊದಲಿನಿಂದ ಓದಿದೆ. ಆ ತಾಯಿ ಕಣ್ಣು ಮುಚ್ಚಿಕೊಂಡು ಕೇಳಿದರು. ಸಾಕ್ಸು ಹೊಲಿದದ್ದು ಕಪ್ಪು ದಾರದಲ್ಲಿ ಅಲ್ಲ, ಕಂದು ದಾರದಲ್ಲಿ ಅಂದರು, ಹೊಲಿದವರು ಆ ತಾಯಿಯೇ. ಇನ್ನೊಂದು ಸಾಲಿನ ಹತ್ತಿರ ನನ್ನ ಕೈ ಹಿಡಿದು ನಿಲ್ಲಿಸಿದರು.

"ಒಂಚೂರೂ ಅಳುಕದೆ ಓದಿದ್ರು ಅಂತ ಬರ್ದಿದೀಯಲ್ಲವ್ವ, ಅದು ತಪ್ಪು. ಆವತ್ತು ಮನೆ ಬಿಡೋ ಮುಂಚೆ ಎರಡು ಸಲ ವಾಂತಿ ಮಾಡ್ಕಂಡ್ರು. ಬಾಗ್ಲಾಗೆ ನಿಂತು, ಹೋಗ್ಲೋ ಬ್ಯಾಡೋ ಅಂತ ನನ್ನ ಕೇಳಿದ್ರು. ಭಯ ಪಟ್ಕಂಡೇ ಬಂದ್ರು ಅಂತ ಬರಿ."

ಭಯ ಪಟ್ಟುಕೊಂಡೇ ಬಂದಿದ್ದರು. ಬರೆದಿದ್ದೇನೆ ತಾಯಿ. ಓದಿ ಹೇಳಿ ಕೇಳಲಾಗಿ, ಸರಿ ಇದೆ.