ಕಾಯಲು ಕಲಿತ ಪೆಟ್ಟಿಗೆಗಳು

ನನ್ನ ತಂಗಿ ಹುಟ್ಟಿದಾಗಿನಿಂದ ತರಾತುರಿಯವಳು. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟಿರುತ್ತಾಳೆ. ಇಂಥವಳು ಓದಿ ಎಂಜಿನಿಯರ್ ಆಗಿ, ನಾನು ಕ್ಯಾಂಟೀನ್ ನಡೆಸುವ ಬಂದರಿಗೇ ಕೆಲಸಕ್ಕೆ ಬಂದಳು. ಇನ್ನು ನನಗೆ ನೆಮ್ಮದಿ ಎಲ್ಲಿ?

ಅವಳ ಕೆಲಸ ಸಮುದ್ರದ ತಳದಲ್ಲಿ ನೀರಿನ ಸೆಳೆತ ಅಳೆಯುವ ಪೆಟ್ಟಿಗೆಗಳನ್ನು ಕೂರಿಸುವುದು. ನೀರೊಳಗೆ ಮೊಬೈಲ್ ಸಿಗ್ನಲ್ ನಡೆಯುವುದಿಲ್ಲ, ಶಬ್ದ ನಡೆಯುತ್ತದೆ. ದೂರದ ತುದಿಯ ಪೆಟ್ಟಿಗೆ ಕೀಚ್ ಎಂದು ಕೂಗಿ ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಇನ್ನೊಂದಕ್ಕೆ, ಹೀಗೆ ದಡದವರೆಗೆ. ಸೆಳೆತ ಏರುವುದು ಮೊದಲೇ ಗೊತ್ತಾದರೆ, ತಳದಲ್ಲಿ ಹಡಗು ನಿಲ್ಲುವ ಧಕ್ಕೆಯ ಕಂಬ ರಿಪೇರಿ ಮಾಡುವ ಮುಳುಗುತಜ್ಞರನ್ನು ಮೇಲಕ್ಕೆ ಕರೆಸಬಹುದು.

ಆದರೆ ಅರ್ಧಕ್ಕರ್ಧ ಸುದ್ದಿ ದಡ ಸೇರುತ್ತಲೇ ಇರಲಿಲ್ಲ. ಮುಳುಗುತಜ್ಞರ ಮೇಸ್ತ್ರಿ ಕ್ಯಾಂಟೀನಿನಲ್ಲೇ ತಂಗಿಗೆ ಹೇಳಿಬಿಟ್ಟ: "ನೋಡಮ್ಮ, ಈ ಪೆಟ್ಟಿಗೆ ನಂಬಿ ನನ್ನ ಹುಡುಗರನ್ನ ಇಳಿಸಲ್ಲ. ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಎಲ್ಲಾನೂ ಕಿತ್ತು ಹಾಕಿಸ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಹುಡುಗರಲ್ಲಿ ಒಬ್ಬ ಅವನ ಮಗ. ಏನನ್ನುವುದು?

ತಂಗಿ ಪೆಟ್ಟಿಗೆಗಳ ಕೂಗು ಜೋರು ಮಾಡಿದಳು. ಇನ್ನಷ್ಟು ಕೆಟ್ಟಿತು. ಪ್ರಯೋಗಾಲಯದ ತೊಟ್ಟಿಯಲ್ಲಿ ಒಂದಕ್ಷರ ತಪ್ಪದವು ಇಲ್ಲೇಕೆ ಹೀಗೆ? ದೋಣಿಯಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಲೇ ಇದ್ದಳು. ಕಡೆಗೊಂದು ಮಧ್ಯಾಹ್ನ ಹಣೆ ಚಚ್ಚಿಕೊಳ್ಳುತ್ತ ಬಂದಳು.

"ಅಕ್ಕಾ, ತೊಟ್ಟೀಲಿ ಅವು ಪಕ್ಕಪಕ್ಕ ಇದ್ವು, ಸುದ್ದಿ ಮುಟ್ಟಿತು ಅಂತ ತಕ್ಷಣ ಉತ್ತರ ಬರ್ತಿತ್ತು. ಅಷ್ಟೇ ಹೊತ್ತು ಕಾಯೋ ಹಾಗೆ ಮಾಡಿಟ್ಟಿದ್ದೆ. ಸಮುದ್ರದಲ್ಲಿ ಶಬ್ದ ಹೋಗಿ ಬರೋಕೆ ಹೊತ್ತು ಬೇಕು. ಉತ್ತರ ಬಂದಿಲ್ಲ ಅಂತ ಇವು ಮತ್ತೆ ಕೂಗ್ತವೆ, ಬರ್ತಿರೋ ಉತ್ತರ ಆ ಗಲಾಟೇಲಿ ಕೇಳಿಸೋದೇ ಇಲ್ಲ."

"ನಿನ್ನ ಬುದ್ಧಿನೇ ಕಲಿಸಿದ್ದೀಯ ಬಿಡು," ಅಂದೆ.

ಎಷ್ಟೋ ದಿನದ ಮೇಲೆ ನಕ್ಕಳು.

ಪೆಟ್ಟಿಗೆಗಳಿಗೆ ಕಾಯುವುದನ್ನು ಕಲಿಸಿದಳು. ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿಕೊಂಡಿರಬೇಕೆಂದು ಸರದಿಯನ್ನೂ ಗೊತ್ತುಮಾಡಿದಳು. ಪರೀಕ್ಷೆಯ ಬೆಳಿಗ್ಗೆ ಬಂದರಿನ ತುಂಬ ದೋಣಿಗಳ ಗದ್ದಲ. ಮೇಸ್ತ್ರಿ ಮಗನನ್ನೂ ಇನ್ನೊಬ್ಬನನ್ನೂ ಇಳಿಸಿ, ಅವರ ಸೊಂಟದ ಹಗ್ಗವನ್ನು ತನ್ನ ಕೈಯಲ್ಲೇ ಹಿಡಿದಿದ್ದ. ಪರದೆಯ ಮೇಲೆ ಸುದ್ದಿಗಳು ಒಂದೂ ತಪ್ಪದೆ ಬರತೊಡಗಿದವು. ಇದ್ದಕ್ಕಿದ್ದಂತೆ ತುದಿಯ ಪೆಟ್ಟಿಗೆ ಸೆಳೆತ ಏರುತ್ತಿದೆ ಎಂದಿತು. ಧಕ್ಕೆಯ ಬಳಿ ನೀರು ಸುಮ್ಮನೆ ಮಲಗಿತ್ತು.

"ಹಗ್ಗ ಎಳೀರಿ," ಅಂದಳು ತಂಗಿ.

ಮೇಸ್ತ್ರಿ ನೀರನ್ನು ನೋಡಿದ, ಅವಳನ್ನು ನೋಡಿದ, ಎಳೆದ. ಹುಡುಗರಿಬ್ಬರೂ ಮೆಟ್ಟಿಲು ಹತ್ತಿ ಉಸಿರು ಬಿಡುವಷ್ಟರಲ್ಲಿ ಕಂಬಗಳ ಸುತ್ತ ಸುಳಿ ಎದ್ದಿತು. ಅವರು ಕೆಳಗೆ ಕಂಬಕ್ಕೆ ಕಟ್ಟಿ ಬಂದಿದ್ದ ಹಲಗೆಗಳು ಕೊಚ್ಚಿಕೊಂಡು ಹೋದವು.

ನನ್ನ ತಂಗಿ ಗೆದ್ದಿದ್ದಳು. ಕೈಯಲ್ಲಿದ್ದ ಸೌಟಿನ ಸಮೇತ ಧಕ್ಕೆಗೆ ಓಡಿ ಅವಳನ್ನು ಅಪ್ಪಿಕೊಂಡೆ.

ಮರುದಿನ ಮೇಸ್ತ್ರಿ ಬಂದು ಅವಳ ಪರದೆಯ ಎದುರು ನಿಂತ.

"ಏನನ್ನುತ್ತಮ್ಮ ನಿಮ್ಮ ಪೆಟ್ಟಿಗೆ?"

"ಇಳೀಬಹುದು."

ಮೊದಲು ಮಗನನ್ನೇ ಇಳಿಸಿದ.