ಓದಿ ಹೇಳಿದ ಮೇಲೆಯೇ ಸಹಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಂಗಸರ ವಾರ್ಡಿನಲ್ಲಿ ಆಯಾ ನೆಲ ಒರೆಸುತ್ತಿದ್ದಾರೆ. ಒದ್ದೆಯಾಗದ ಅಂಚು ನೋಡಿ ಹೆಜ್ಜೆಯಿಡುತ್ತ ನರರೋಗದ ಡಾಕ್ಟರು ಒಳಗೆ ಬರುತ್ತಾರೆ. ಮುಟ್ಟಿ ಪರೀಕ್ಷಿಸಲು ಜೇಬಿನಲ್ಲಿ ಸದಾ ಹತ್ತಿ ಇರುವುದರಿಂದ ರೋಗಿಗಳ ಬಾಯಲ್ಲಿ ಅವರು ‘ಹತ್ತಿ ಡಾಕ್ಟ್ರು’. ಅವರ ಕೆಲಸ ನೋಡಿ ಬರೆಯಲೆಂದು ಇವತ್ತು ನಾನು ಜೊತೆಗಿದ್ದೇನೆ.

ಕಿಟಕಿ ಪಕ್ಕದ ಮಂಚದಲ್ಲಿ ಹೊಲಿಗೆ ಕೆಲಸದ ಹೆಂಗಸು. ಮೂರು ವಾರದಿಂದ ಎಡಗೈ ಮರಗಟ್ಟಿದೆ. ಸ್ಕ್ಯಾನ್ ಸರಿಯಿದೆ, ನರಗಳ ಪರೀಕ್ಷೆಯೂ ಸರಿಯಿದೆ. ಆ ‘ಸರಿಯಿದೆ’ಯೇ ಈಗ ಕುತ್ತಾಗಿದೆ. ಹೆಂಡತಿ ನಾಟಕವಾಡುತ್ತಿದ್ದಾಳೆಂದು ಗಂಡ ಇತ್ತ ತಲೆ ಹಾಕುವುದನ್ನೇ ಬಿಟ್ಟಿದ್ದಾನೆ. ಜೊತೆಗಿರುವವಳು ನಾದಿನಿ. “ಸ್ಕ್ಯಾನಿಗೇ ಕಾಣದ ರೋಗ ನಮ್ಮತ್ತಿಗೆಗೆ ಮಾತ್ರ ಕಾಣುತ್ತೆ” ಎನ್ನುತ್ತಾಳೆ.

ಡಾಕ್ಟರು ನಗುವುದಿಲ್ಲ. ಹತ್ತಿಯ ಎಳೆಯನ್ನು ಬೆರಳಿಗೆ ಸೋಕಿಸುತ್ತಾರೆ. ಅವಳಿಗೆ ತಿಳಿಯುವುದಿಲ್ಲ. ಮರಗಟ್ಟಿದ ಭಾಗ ಮಣಿಕಟ್ಟಿನಲ್ಲಿ ಬಳೆ ತೊಟ್ಟಂತೆ ಗೆರೆ ಕೊರೆದು ನಿಲ್ಲುತ್ತದೆ. ನರಗಳು ಹಾಗೆ ಹರಿಯುವುದಿಲ್ಲ. ಆಮೇಲೆ ಗುಂಡಿಗಳಿರುವ ಅಂಗಿಯೊಂದನ್ನು ಕೊಡುತ್ತಾರೆ. “ಕಣ್ಮುಚ್ಚಿ, ಎಡಗೈಯಲ್ಲೇ ಗುಂಡಿ ಹಾಕಮ್ಮ.” ಬೆರಳುಗಳು ತಡವರಿಸದೆ ಕಾಜ ಹುಡುಕಿಕೊಳ್ಳುತ್ತವೆ.

“ಸಿಕ್ಕಿಬಿದ್ಲಲ್ಲ” ಎನ್ನುತ್ತಾಳೆ ನಾದಿನಿ.

“ಸಿಕ್ಕಿಬೀಳೋಕೆ ಕಳ್ಳತನ ಆಗಿರಬೇಕಲ್ವಾ? ನಾನು ಪೊಲೀಸೂ ಅಲ್ಲ.” ರೋಗಿಯತ್ತ ತಿರುಗುತ್ತಾರೆ. “ನೋಡಮ್ಮ, ಬೆರಳಿಂದ ಸುದ್ದಿ ಹೋಗ್ತಿದೆ. ಮನಸ್ಸಿನ ಬಾಗಿಲು ಅದನ್ನ ಒಳಗೆ ಬಿಡ್ತಿಲ್ಲ. ಬೇಕಂತ ನೀನು ಚಿಲಕ ಹಾಕಿಲ್ಲ. ತೆಗೆಯೋದನ್ನ ಕಲಿಸ್ತೀವಿ.”

ಅವಳ ಕಣ್ಣು ತುಂಬುತ್ತದೆ. “ನನಗೇ ಅನುಮಾನ ಬಂದ್ಬಿಟ್ಟಿತ್ತು ಸಾರ್, ನಾಟಕ ಮಾಡ್ತಿದೀನೇನೋ ಅಂತ.”

ದಿನಕ್ಕೆ ನಲವತ್ತು ರೋಗಿಗಳು. ಕೆಲವರಲ್ಲಿ ಕಾಣುವ ಇಂಥ ತೊಂದರೆಗೆ ವೈದ್ಯರು ಇಟ್ಟ ಹೆಸರು ಕನ್ವರ್ಷನ್ ಡಿಸಾರ್ಡರ್. ಒಂದೇ ಗುರುತು ನಂಬಿ ಹತ್ತಿ ಡಾಕ್ಟ್ರು ಆ ಹೆಸರು ಬರೆಯುವುದಿಲ್ಲ. ಬೇರೆ ರೋಗವಿಲ್ಲವೆಂದು ನೋಡುತ್ತಾರೆ, ಇದೇ ಎನ್ನುವ ಗುರುತುಗಳನ್ನೂ ಕೂಡಿಸುತ್ತಾರೆ. ಕೇಸ್ ಶೀಟಿನಲ್ಲಿ ಬರೆದದ್ದನ್ನು ಮಂಚದ ಪಕ್ಕ ನಿಂತು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ಸಹಿ. ಇದರಿಂದ ಅವರ ಊಟ ತಪ್ಪುತ್ತದೆ. “‘ನಿಮ್ಮ ಪುರಾಣ ಶುರುವಾಯ್ತು’ ಅಂತ ಸಹೋದ್ಯೋಗಿಗಳು ರೇಗಿಸ್ತಾರೆ. ರೇಗಿಸಲಿ ಬಿಡಿ” ಎನ್ನುತ್ತಾರೆ ನನಗೆ.

ಈಗಲೂ ಓದುತ್ತಾರೆ: “ಎಡಗೈಯಲ್ಲಿ ಸ್ಪರ್ಶ ತಿಳಿಯುತ್ತಿಲ್ಲ ಎನ್ನುತ್ತಾರೆ. ತೊಂದರೆ ನಿಜ. ಬೇಕೆಂದು ಮಾಡುತ್ತಿಲ್ಲ. ಗುಣವಾಗುವ ಸಾಧ್ಯತೆ ಇದೆ.” ತಪ್ಪಿದ್ದರೆ ಹೇಳಿ ಎಂದು ಕಾಯುತ್ತಾರೆ.

ಸರಿಯೆಂದು ರೋಗಿ ತಲೆಯಾಡಿಸುತ್ತಾಳೆ. ನಾದಿನಿ ಸೆರಗಿನ ತುದಿ ಸುತ್ತುತ್ತ ಕೇಳುತ್ತಾಳೆ: “ನಾನು ಹೇಳಿದ್ರೆ ನಮ್ಮಣ್ಣ ಕೇಳಲ್ಲ. ಅವನೆದುರೂ ಹೀಗೇ ಓದ್ತೀರಾ?”

“ಕರ್ಕೊಂಡು ಬಾಮ್ಮ. ಎಷ್ಟು ಸಲ ಬೇಕಾದ್ರೂ ಓದ್ತೀನಿ.”

ಮುಂದಿನ ಮಂಚಕ್ಕೆ ಹೋಗುವಾಗ ನನಗೆಂದು ಮೆಲ್ಲಗೆ ಹೇಳುತ್ತಾರೆ: “ರೋಗಿ ಎದುರು ಓದೋಕಾಗದ ಮಾತನ್ನ ನಾನು ಬರೆಯಲ್ಲ. ರಿಟೈರ್ ಆಗೋವರೆಗೂ ಹೀಗೇ ನಡೆದ್ರೆ ಸಾಕು.”