ಜಿರಲೆ ಒಲ್ಲದ ಅಂಟು

ಸಿರಾದಲ್ಲಿ ಬುಡನ್ ಸಾಬರ ಮನೆ ಎಲ್ಲಿ ಎಂದು ಕೇಳಿದರೆ ಒಂದಿಬ್ಬರಾದರೂ ತಲೆ ಕೆರೆದುಕೊಳ್ಳುತ್ತಿದ್ದರು. ಜಿರಲೆ ಅಮೀರ್ ಬಿ ಮನೆ ಎಲ್ಲಿ ಎಂದರೆ, ಬಾವಿಯಲ್ಲಿ ನೀರು ಸೇದುತ್ತಿದ್ದವರು ಹಗ್ಗ ಬಿಡದೆ ಗಲ್ಲ ಎತ್ತಿ ತೋರಿಸುತ್ತಿದ್ದರು. ಆ ಹೆಸರಿಗೆ ಅಮೀರ್ ಬಿ ಒಂದು ದಿನವೂ ಮುಖ ಕಿವುಚಲಿಲ್ಲ. ಮೊದಲು ಅದನ್ನಿಟ್ಟವರು ನಗುವುದಕ್ಕೆ ಇಟ್ಟಿದ್ದರು; ಅವಳು ಅದನ್ನು ಚಿನ್ನದ ಓಲೆಯ ಹಾಗೆ ಕಿವಿಗೆ ಹಾಕಿಕೊಂಡಳು.

ಬುಡನ್ ಸಾಬರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ಹಾಳೆಗಳನ್ನು ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ಕಲ್ಲಿನಡಿ ಇಟ್ಟು ತೆಗೆದರೆ ಪುಸ್ತಕ ಹೊಸ ಮದುಮಗನಂತೆ ನೆಟ್ಟಗೆ ನಿಲ್ಲುತ್ತಿತ್ತು. ಸೂಜಿ ಅವರದು, ಅಂಟು ಹೆಂಡತಿ ಅಮೀರ್ ಬಿಯದು. ಹದಿನೈದನೆಯ ವಯಸ್ಸಿಗೆ ಗೌಡಗೆರೆಯಿಂದ ಮದುವೆಯಾಗಿ ಬಂದ ಅವಳು ಅತ್ತೆಯಿಂದ ಕಲಿತ ಮೊದಲ ವಿದ್ಯೆ ಅದೇ. ಗೋದಿಹಿಟ್ಟು ಕದಡಿ, ಬೇವಿನೆಲೆ ಮತ್ತು ನೆಲಬೇವಿನ ಕಷಾಯ ಬೆರೆಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಬೇಕು. ಆರಿದ ಮೇಲೆ ಕಿರುಬೆರಳ ತುದಿಯಷ್ಟನ್ನು ನಾಲಿಗೆಗೆ ಹಚ್ಚಿಕೊಂಡು ಬಾವಿಗೆ ಹೋಗಬೇಕು. ಒಂದು ಕೊಡ ನೀರು ತಂದು ಇಳಿಸುವವರೆಗೂ ಕಹಿ ಗಂಟಲಲ್ಲಿ ನಿಂತಿದ್ದರೆ ಆ ಅಂಟು ಪುಸ್ತಕಕ್ಕೆ ಆದೀತು. ನಿಲ್ಲದಿದ್ದರೆ ಇನ್ನೊಂದು ಹಿಡಿ ನೆಲಬೇವು.

ಇಷ್ಟು ಕಹಿ ಯಾಕೆ ಬೇಕೆಂದರೆ, ಹಿಟ್ಟಿನ ಅಂಟೆಂದರೆ ಜಿರಲೆಗೆ ಹಬ್ಬದೂಟ. ದನದ ತೊಗಲು ಮೂಳೆ ಬೇಯಿಸಿ ತೆಗೆಯುವ ಮರವಜ್ರವನ್ನು ಬಳಸಬಹುದಿತ್ತು, ಮೈಲುತುತ್ತ ಬೆರೆಸಬಹುದಿತ್ತು. ಆದರೆ ಅವರಿಗೆ ಹೆಚ್ಚು ಕೆಲಸ ಕೊಡುತ್ತಿದ್ದ ಬಡವನಹಳ್ಳಿಯ ನಂದೀಶ್ವರಯ್ಯ ಮೇಷ್ಟ್ರು ಎರಡಕ್ಕೂ ಒಪ್ಪುತ್ತಿರಲಿಲ್ಲ. "ನನ್ನ ಪುಸ್ತಕಗಳು ದೇವರ ಜಗಲಿಯ ಪಕ್ಕದಲ್ಲಿರೋವು. ಹೆಣವೂ ತಾಗಬಾರದು, ವಿಷವೂ ತಾಗಬಾರದು" ಎಂದಿದ್ದರು.

ಮೇಷ್ಟ್ರ ತಂದೆ ಸುತ್ತಲಿನ ಹಳ್ಳಿಗಳಲ್ಲಿ ಅಲೆದು, ಓಲೆಗರಿಗಳಲ್ಲಿದ್ದ ಹಾಡು, ವಚನ, ವೈದ್ಯಗಳನ್ನು ಕಾಗದಕ್ಕೆ ಇಳಿಸಿದ್ದರು. ಮಗನೂ ಶಾಲೆಯಿಂದ ನಿವೃತ್ತರಾದ ಮೇಲೆ ಅದನ್ನೇ ಮುಂದುವರಿಸಿದ್ದರು. ಕೈಬರಹದ ಮುನ್ನೂರು ಪುಸ್ತಕ. ಒಂದಕ್ಕೂ ಎರಡನೆಯ ಪ್ರತಿ ಇಲ್ಲ. ಎಂಟು ವರ್ಷಗಳಲ್ಲಿ ಆ ಮುನ್ನೂರಕ್ಕೂ ಬೆನ್ನು ಕಟ್ಟಿದವರು ಬುಡನ್ ಸಾಬರು. ಮೇಷ್ಟ್ರ ಮನೆಯಲ್ಲಿ ಜಿರಲೆಗಂತೂ ಬರವಿರಲಿಲ್ಲ. ಅವರ ಹೆಂಡತಿ ಕರಿಬಸಮ್ಮ ಒಂದು ಹುಳುವನ್ನೂ ಕೊಲ್ಲುವವರಲ್ಲ. ಬೆಳಿಗ್ಗೆ ಜಿರಲೆಗಳನ್ನು ಮೊರಕ್ಕೆ ಗುಡಿಸಿ ಹಿತ್ತಿಲಿಗೆ ಬಿಟ್ಟು ಬರುತ್ತಿದ್ದರು; ದೀಪ ಹಚ್ಚುವಷ್ಟರಲ್ಲಿ ಅವು ಮರಳಿ ಮನೆ ಸೇರಿರುತ್ತಿದ್ದವು.

ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ರಂಜಾನು ನಡುಬೇಸಿಗೆಗೆ ಬಂತು. ರೋಜಾ ಹಿಡಿದ ದಿನ ಉಗುಳು ನುಂಗುವುದಕ್ಕೂ ಹಿಂದುಮುಂದು ನೋಡುವ ಹೆಂಗಸು ಅಮೀರ್ ಬಿ. ಅಂಟನ್ನು ನಾಲಿಗೆಗೆ ಹಚ್ಚುವ ಮಾತೇ ಇರಲಿಲ್ಲ. ಸಂಜೆಗೆ ನೋಡೋಣವೆಂದರೆ, ಆ ಸೆಕೆಗೆ ಬೆಳಗಿನ ಅಂಟು ಮಧ್ಯಾಹ್ನಕ್ಕೇ ಹುಳಿಯಾಗುತ್ತಿತ್ತು. ಅಷ್ಟರೊಳಗೆ ಬಳಿದು ಮುಗಿಸಲೇಬೇಕು. ಕೈಯಳತೆಯ ಮೇಲೆ ನಂಬಿಕೆಯಿಟ್ಟು ಎಂದಿನಷ್ಟೇ ನೆಲಬೇವು ಹಾಕಿದಳು. ಆ ನೆಲಬೇವು ಹಿಂದಿನ ವರ್ಷದ್ದು, ಸತ್ವ ಕಳೆದುಕೊಂಡದ್ದು. ಅದನ್ನು ಹೇಳಬೇಕಾದ ನಾಲಿಗೆ ಉಪವಾಸದಲ್ಲಿತ್ತು. ಆ ತಿಂಗಳು ಮೇಷ್ಟ್ರಿಗೆ ಹನ್ನೊಂದು ಪುಸ್ತಕ ಹೋದವು.

ಮಳೆ ಹಿಡಿದ ಮೇಲೆ ಒಂದು ದಿನ ಬುಡನ್ ಸಾಬರು ಬಡವನಹಳ್ಳಿಯಿಂದ ಬಂದು ಟೋಪಿ ತೆಗೆಯದೆ ಗೋಡೆಗೊರಗಿ ಕೂತರು. ಟವಲಿನಲ್ಲಿ ಸುತ್ತಿದ್ದ ಒಂದು ಪುಸ್ತಕವನ್ನು ಮುಂದಿಟ್ಟರು. ಅದರ ಬೆನ್ನು ಜಾಲರಿಯಾಗಿತ್ತು. ಹೊಲಿಗೆಯ ದಾರ ಪಕ್ಕೆಲುಬಿನಂತೆ ಕಾಣುತ್ತಿತ್ತು.

"ಮೇಷ್ಟ್ರು ಬೈದ್ರಾ?"

"ಬೈದಿದ್ರೆ ವಾಸಿಯಾಗಿತ್ತು. ಮುನ್ನೂರನ್ನೂ ಗಾಡಿಗೆ ತುಂಬಿ ಬೆಂಗ್ಳೂರಿಗೆ ಕಳಿಸ್ತಾರಂತೆ. ಬೆನ್ನು ಕಿತ್ತು ಅಲ್ಲೇ ಹೊಸದಾಗಿ ಕಟ್ಟಿಸ್ತಾರಂತೆ. ಮಳೆಗಾಲದ ತೇವ, ಬುದ್ಧಿ, ಅಂದೆ. ತಲೆ ಆಡಿಸಿ ಒಳಗೋದ್ರು."

ಎಂಟು ವರ್ಷ ಹೊಲಿದದ್ದನ್ನು ಯಾರೋ ಒಂದೇ ವಾರದಲ್ಲಿ ಕಿತ್ತುಹಾಕುತ್ತಾರೆ. ಆಮೇಲೆ ಈ ಸೀಮೆಯಲ್ಲಿ ಬುಡನ್ ಸಾಬರ ಹೆಸರು ಹೇಳಿದರೆ ಆ ಗಾಡಿಯ ಮಾತೇ ಬರುತ್ತದೆ. ಅಮೀರ್ ಬಿ ಪುಸ್ತಕವನ್ನೆತ್ತಿ, ಉಳಿದಿದ್ದ ಅಂಟಿನ ಚೂರಿಗೆ ನಾಲಿಗೆ ಹಚ್ಚಿದಳು. ಕೊಡ ಎತ್ತಿಕೊಂಡು ಹೊರಟಳು. ಬಾವಿಯವರೆಗೆ ಹೋಗಬೇಕಾಗಲಿಲ್ಲ, ಹೊಸಿಲಿನಲ್ಲೇ ಬಾಯಿ ಸಪ್ಪೆಯಾಗಿತ್ತು.

"ಅಜೀ, ಇದು ತೇವ ಅಲ್ಲ. ಇದು ನಾನು."

"ಬಾಯಿ ಮುಚ್ಕೊಂಡಿರು. ತೇವ ಅಂತ ಹೇಳಾಗೈತೆ."

"ತೇವ ಅಂದ್ರೆ ಮುನ್ನೂರೂ ಹೋಗ್ತಾವೆ. ರಂಜಾನು ಅಂದ್ರೆ ಹನ್ನೊಂದೇ ಹೋಗೋದು."

ಸಾಬರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಆದರೆ ಅವಳ ನಾಲಿಗೆಯ ಸಾಕ್ಷಿಯನ್ನು ಇನ್ನು ಯಾರು ನಂಬಬೇಕು? ಅಡುಗೆಮನೆಯಲ್ಲಿ ಅದನ್ನೇ ಯೋಚಿಸುತ್ತಾ ಕೂತಿದ್ದಾಗ ಒಲೆಯ ಹಿಂದಿನಿಂದ ಒಂದು ಜಿರಲೆ ಇಳಿದು ಬಂತು. ನೆಲಕ್ಕೆ ಚೆಲ್ಲಿದ್ದ ಹಿಟ್ಟನ್ನು ಮೀಸೆಯಿಂದ ಸವರಿ ತಿಂದಿತು. ಹಳೆಯ ಅಂಟಿನ ಗಡಿಗೆಯ ಕಂಠಕ್ಕೆ ಹೋಗಿ, ಮೀಸೆ ತಾಗಿಸಿ, ಥಟ್ಟನೆ ಹಿಂದೆ ಸರಿಯಿತು. ಎಷ್ಟು ವರ್ಷದಿಂದ ಅವು ಅಲ್ಲಿದ್ದವೋ, ಪೊರಕೆಯಲ್ಲಿ ಹೊಡೆಯುವುದನ್ನು ಬಿಟ್ಟು ಅವಳು ಅವುಗಳತ್ತ ನೋಡಿರಲಿಲ್ಲ. ಅವಳು ಪೊರಕೆಯನ್ನು ಬಾಗಿಲ ಹಿಂದಕ್ಕಿಟ್ಟಳು.

ಹತ್ತು ಹನ್ನೆರಡು ಜಿರಲೆ ಹಿಡಿದು ಬೇರೊಂದು ಗಡಿಗೆಗೆ ಹಾಕಿದಳು. ಹತ್ತಿ ಬರದಂತೆ ಕಂಠದ ಒಳಗೆ ಹರಳೆಣ್ಣೆ ಸವರಿದಳು, ಬಾಯಿಗೆ ತೆಳುಬಟ್ಟೆ ಕಟ್ಟಿದಳು. ಎರಡು ದಿನ ಏನೂ ಹಾಕಲಿಲ್ಲ. ಮೂರನೆಯ ದಿನ ರಂಜಾನಿಗೆ ಮುಂಚಿನ ಅಂಟು ಬಳಿದ ಬಟ್ಟೆಪಟ್ಟಿಯೊಂದು, ರಂಜಾನಿನ ಅಂಟಿನ ಪಟ್ಟಿಯೊಂದು ಇಳಿಬಿಟ್ಟಳು. ಬೆಳಿಗ್ಗೆ ಒಂದು ಹಾಗೇ ಇತ್ತು, ಇನ್ನೊಂದು ಜಾಲರಿಯಾಗಿತ್ತು.

ನೆರೆಮನೆಯ ಶಾಹಜಾದಿ ಗೋಡೆಯ ಮೇಲಿಂದ ಇಣುಕಿದಳು. "ಏನೇ ಅಮೀರ್ ಬಿ, ಕೋಳಿ ಬುಟ್ಟು ಜಿರ್ಲೆ ಸಾಕಿದ್ದೀಯಾ? ಮೊಟ್ಟೆ ದಿನಕ್ಕೆಷ್ಟು?"

"ಮೊಟ್ಟೆ ಇಡಲ್ಲ ಕಣಮ್ಮ. ಸುಳ್ಳೂ ಹೇಳಲ್ಲ, ನಿನ್ನಂಗೆ."

ಮತ್ತೆ ಎರಡು ದಿನ ಗಡಿಗೆಗೆ ಉಪವಾಸ ಹಾಕಿ, ಚಾದರ ಹೊದ್ದು, ಗಂಡನ ಹಿಂದೆ ಗಾಡಿ ಹತ್ತಿದಳು.

ನಂದೀಶ್ವರಯ್ಯನವರು ಜಗಲಿಯ ಮೇಲಿದ್ದರು. ಪುಸ್ತಕಗಳನ್ನು ಗಾಡಿಗೆ ತುಂಬಲು ಗೋಣಿತಾಟು ಹಾಸಿಯಾಗಿತ್ತು. "ಏನು ಸಾಬ್ರೇ ಅದು, ಗಡಿಗೆ?"

ಬುಡನ್ ಸಾಬರು ನೆಲ ನೋಡಿದರು. ಕಂಬದ ಮರೆಯಿಂದ ಅಮೀರ್ ಬಿಯೇ ಹೇಳಿದಳು: "ಜಿರ್ಲೆ, ಬುದ್ಧಿ."

ಒಳಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯೋ ತಾಯಿ, ನಮ್ಮನೇವು ಸಾಲ್ದು ಅಂತ ಸಿರಾದಿಂದ ಹೊತ್ಕೊಂಡ್ ಬಂದ್ಯಾ?"

ಅಮೀರ್ ಬಿ ನಗಲಿಲ್ಲ. ರೋಜಾ, ಹಳೆಯ ನೆಲಬೇವು, ತಾನು ರುಚಿ ನೋಡದ ಅಂಟು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. "ಹನ್ನೊಂದು ನನ್ನ ತಪ್ಪು, ಬುದ್ಧಿ. ಅದು ತೇವ ಅಲ್ಲ. ಮಿಕ್ಕಿದ್ದಕ್ಕೆ ಒಂದು ಹಲ್ಲೂ ತಾಗಲ್ಲ. ಪರೀಕ್ಷೆ ಮಾಡಿ, ಆಮ್ಯಾಕೆ ಗಾಡಿ ತುಂಬಿ."

ಮೇಷ್ಟ್ರು ಗಡಿಗೆಯನ್ನೂ ಅವಳನ್ನೂ ನೋಡಿದರು. "ಈ ಜಿರಲೆಗಳು ನಿನ್ನ ಮನೆಯ ಉಪ್ಪು ತಿಂದವು. ಇವುಗಳ ಸಾಕ್ಷಿ ನಾನು ಒಪ್ಪಲ್ಲ."

"ನಿಮ್ಮನೇವೇ ಆಗ್ಲಿ. ಆದ್ರೆ ಎರಡು ದಿನ ರೋಜಾ ಇರಿಸ್ಬೇಕು. ಹೊಟ್ಟೆ ತುಂಬಿರೋರು ಬ್ಯಾಡ ಅಂದ್ರೆ ಅದು ಲೆಕ್ಕಕ್ಕಿಲ್ಲ."

"ನಮ್ಮನೇವಕ್ಕೆ ಶಿವರಾತ್ರಿ ಅನ್ನು" ಎಂದು ಮೇಷ್ಟ್ರು ಎದ್ದರು.

ಕರಿಬಸಮ್ಮ ಮರುದಿನ ಬೆಳಿಗ್ಗೆ ಮೊರದಲ್ಲಿ ಬಂದದ್ದನ್ನು ಹಿತ್ತಿಲಿಗೆ ಬಿಡದೆ ಹೊಸ ಗಡಿಗೆಗೆ ಸುರಿದರು. ಅವುಗಳ ಜೊತೆ ಒಂದು ಚಿಮ್ಮಂಡೆಯೂ ಬಿತ್ತು. ಒರಳುಕಲ್ಲಿನ ಸಂದಿಯಲ್ಲಿ ಕೂತು ಸಂಜೆಯಾದೊಡನೆ ಕಿರ್ರೆಂದು ಹಾಡುತ್ತಿದ್ದ ಹುಳು ಅದು. "ಅಯ್ಯೋ, ಸಿಮ್ಮಂಡೆ ಬಂದ್ಬುಡ್ತು. ಅದರ ದನಿ ಇಲ್ದಿದ್ರೆ ನಂಗೆ ಮನೇಲಿ ಯಾರೂ ಇಲ್ದಂಗಾಗತ್ತೆ."

"ಇರ್ಲಿ ಬುಡಿ ಅವ್ವಾ. ಅದೂ ಬಟ್ಟೆ ಕಡಿಯೋದೇ. ಅದಕ್ಕೂ ಪರೀಕ್ಷೆ ಆಗ್ಲಿ."

"ನನ್ನ ಸಿಮ್ಮಂಡೆ ನಂಗೆ ವಾಪಸ್ಸು ಬೇಕು ಕಣಮ್ಮ, ಈಗ್ಲೇ ಹೇಳಿದ್ದೀನಿ."

ಎರಡು ದಿನ ಸಾಬರೂ ಅಮೀರ್ ಬಿಯೂ ಅದೇ ಊರಿನ ನೆಂಟರ ಮನೆಯಲ್ಲಿ ಉಳಿದರು. ಮೂರನೆಯ ದಿನ ಮೇಷ್ಟ್ರು ತಮಗೆ ತೋಚಿದ ನಾಲ್ಕು ಪುಸ್ತಕಗಳನ್ನು, ನಾಲ್ಕು ಬೇರೆ ಬೇರೆ ವರ್ಷದವನ್ನು ತೆಗೆದು, ಬೆನ್ನಿನ ಬಟ್ಟೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿದರು. ರಂಜಾನಿನದು ಐದನೆಯದು. ಐದನ್ನೂ ಒಳಗಿಳಿಸಿ, ಗಡಿಗೆಯ ಬಾಯಿ ಕಟ್ಟಿ ಗಂಟಿನ ಮೇಲೆ ಅರಗಿನ ಮುದ್ರೆಯನ್ನೂ ಒತ್ತಿದರು.

ಮರುದಿನ ಬೆಳಿಗ್ಗೆ ಮುದ್ರೆ ಒಡೆದು ಪಟ್ಟಿಗಳನ್ನು ತಟ್ಟೆಗೆ ತೆಗೆದಿಟ್ಟರು. ರಂಜಾನಿನ ಪಟ್ಟಿಯಲ್ಲಿ ಎಳೆಗಳಷ್ಟೇ ಉಳಿದಿದ್ದವು. ಮೂರು ಪಟ್ಟಿ ಇಟ್ಟ ಹಾಗೆಯೇ ಇದ್ದವು. ನಾಲ್ಕನೆಯದರ ಅಂಚು ಮಾತ್ರ ಗರಗಸದ ಹಾಗೆ ಕಡಿದುಹೋಗಿತ್ತು. ಮೇಷ್ಟ್ರು ಅದನ್ನು ಎತ್ತಿ ಹಿಡಿದರು. "ಇದು?"

ಬುಡನ್ ಸಾಬರ ಕೈ ತಮ್ಮ ಟವಲನ್ನು ಹಿಂಡಿತು. ಅಮೀರ್ ಬಿ ಮೊದಲ ಸಲ ಕಂಬದ ಮರೆ ಬಿಟ್ಟು ಬಂದು ಪಟ್ಟಿಯನ್ನು ಬೆಳಕಿಗೆ ಹಿಡಿದಳು.

"ಇದು ಜಿರ್ಲೆ ಕೆಲಸ ಅಲ್ಲ, ಸಿಮ್ಮಂಡೆದು. ಅಂಟು ಹತ್ತದ ಅಂಚನ್ನ ಕಡಿದೈತೆ. ಅಂಟು ಸುರುವಾಗೋ ಕಡೆ ಹಲ್ಲು ನಿಂತುಬುಟ್ಟೈತೆ, ನೋಡಿ ಬುದ್ಧಿ, ಗೆರೆ ಎಳೆದಂಗೆ." ಅವಳು ಗಂಡನತ್ತ ತಿರುಗಿದಳು. "ಅಜೀ, ಇನ್ಮ್ಯಾಕೆ ಅಂಚಿಗೂ ಬಳೀಬೇಕು. ಇದು ನಮಗೆ ಗೊತ್ತಿರಲಿಲ್ಲ."

ಮೇಷ್ಟ್ರು ಪಟ್ಟಿಯನ್ನು ತೆಗೆದುಕೊಂಡು ಆ ಗೆರೆಯನ್ನು ಬೆರಳಿನಿಂದ ಸವರಿದರು. ಎದ್ದು ಒಳಗೆ ಹೋಗಿ ಎಲ್ಲಕ್ಕಿಂತ ಹಳೆಯ ಪುಸ್ತಕವನ್ನು ತಂದರು; ಅವರ ತಂದೆಯ ಕೈಬರಹದ್ದು, ಸಾಬರು ಮೊದಲು ಕಟ್ಟಿದ್ದು. ಆಮೇಲೆ ಅವರು ಮಾಡಿದ್ದನ್ನು ಕಂಡು ಕರಿಬಸಮ್ಮ ಬಾಗಿಲಲ್ಲಿ ಕಲ್ಲಾಗಿ ನಿಂತರು. ಪರರ ಮನೆಯ ನೀರನ್ನೂ ಮುಟ್ಟದ ಮನುಷ್ಯ ಕಿರುಬೆರಳನ್ನು ನೀರಿನಲ್ಲಿ ಅದ್ದಿ, ಬೆನ್ನಿನ ಅಂಚಿಗೆ ಉಜ್ಜಿ, ನಾಲಿಗೆಗೆ ಹಚ್ಚಿಕೊಂಡರು.

ಮುಖ ಕಿವುಚಿಹೋಯಿತು. ಒಂದು ಚೊಂಬು ನೀರು ಕುಡಿದರು; ಹೋಗಲಿಲ್ಲ. ಕರಿಬಸಮ್ಮ ಓಡಿಹೋಗಿ ತಂದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರು, ಆಗಲೂ ಹೋಗಲಿಲ್ಲ. ಅವರ ಕಣ್ಣಲ್ಲಿ ನೀರು ನಿಂತಿತ್ತು, ಕಹಿಗೋ ಬೇರೆ ಯಾವುದಕ್ಕೋ.

"ಎಂಟು ವರ್ಷದ ಹಿಂದಿನದು" ಎಂದರು, ಬೆಲ್ಲ ಚಪ್ಪರಿಸುತ್ತಾ. "ಸಾಬ್ರೇ, ಆ ಗೋಣಿತಾಟು ಸುತ್ತಿಡಿ. ಹನ್ನೊಂದು ತಗೊಂಡು ಹೋಗಿ. ಅಂಟು ಮಾತ್ರ ಈ ತಾಯಿಯೇ ಕಾಯಿಸಬೇಕು."

ಸಾಬರು ಗೋಣಿತಾಟು ಸುತ್ತಿದರು. ಬೆನ್ನು ನೇರ ಮಾಡಿಕೊಂಡು, ಒಂದೊಂದೇ ಮಡಿಕೆಯನ್ನು ಅಂಗೈಯಿಂದ ಒತ್ತಿ, ಪುಸ್ತಕವನ್ನೇ ಕಟ್ಟುತ್ತಿರುವಂತೆ ಸುತ್ತಿದರು. ಕರಿಬಸಮ್ಮ ಗಡಿಗೆಯಿಂದ ಚಿಮ್ಮಂಡೆಯನ್ನು ಅಂಗೈಗೆ ತೆಗೆದುಕೊಂಡು ಒರಳುಕಲ್ಲಿನ ಸಂದಿಗೆ ಬಿಟ್ಟರು.

ಅಂದಿನಿಂದ ಸಾಬರ ಮನೆಯಿಂದ ಹೊರಟ ಪ್ರತಿ ಪುಸ್ತಕದ ಹಿಂದಿನ ರಟ್ಟಿನೊಳಗೆ ಬೆರಳಗಲದ ಪಟ್ಟಿಯೊಂದು ಅಂಟಿರುತ್ತಿತ್ತು: ಹಸಿದ ಜಿರಲೆಗಳು ಒಲ್ಲೆವೆಂದ ಪಟ್ಟಿ. ಕೊರಟಗೆರೆ, ಪಾವಗಡದ ಕಡೆಯಿಂದಲೂ ಜನ ಪುಸ್ತಕ ಹೊತ್ತು ಬಂದರು. ಕಟ್ಟಿಸುವವರು ಮೊದಲು ಬೆನ್ನನ್ನಲ್ಲ, ಆ ಪಟ್ಟಿಯನ್ನು ನೋಡುತ್ತಿದ್ದರು. ಅಮೀರ್ ಬಿಯ ಕೂದಲು ನೆರೆತು, ನಾಲಿಗೆ ಮಂದವಾದ ಮೇಲೂ ಗಡಿಗೆ ಅಡುಗೆಮನೆಯ ಮೂಲೆ ಬಿಡಲಿಲ್ಲ.

ಅದೆಲ್ಲ ಆಮೇಲಿನದು. ಆ ದಿನ ಸಿರಾಕ್ಕೆ ಮರಳಿದಾಗ ಅವಳ ಕಂಕುಳಲ್ಲಿ ತನ್ನ ಗಡಿಗೆ ಹಾಗೇ ಇತ್ತು. ಸಾಕ್ಷಿ ಹೇಳಲು ಬಂದು, ಯಾರೂ ಕರೆಯದೆ ಹಿಂದಿರುಗಿದ್ದ ಜಿರಲೆಗಳು ಅದರಲ್ಲಿದ್ದವು. ಅವಳು ಕೈಕಾಲು ತೊಳೆಯುವ ಮೊದಲು ಒಂದು ಹಿಡಿ ಅನ್ನ ಕಿವುಚಿ, ಮೇಲೆ ಬೆಲ್ಲದ ಚೂರಿಟ್ಟು, ಗಡಿಗೆಯೊಳಗೆ ಇಳಿಸಿದಳು. ಉದ್ದುದ್ದ ಮೀಸೆಗಳು ನಡುಗುತ್ತಾ ಬೆಲ್ಲದ ಕಡೆಗೆ ತಿರುಗಿದವು.

"ಆರು ದಿನ ಆಯ್ತು" ಎಂದಳು ಅಮೀರ್ ಬಿ. "ತಗಳ್ಳಿ, ರೋಜಾ ಬುಡಿ."